ಸೋತೆ ಎಂದರೆ ಮುದ್ರೆ

೯ ಜನವರಿ ೧೯೯೦

ಗೊಣಗಿ,

ನಿನ್ನ ಕಾಗದ ತಲುಪಿತು. ಒಂದು ಸಲ ಓದಿ, ಕನ್ನಡಕ ಒರೆಸಿಕೊಂಡು, ಇನ್ನೊಂದು ಸಲ ಓದಿದೆ. ಮೂರು ಅಕ್ಷರಗಳಿಂದ ಶುರುವಾಗಿ ಅವೇ ಮೂರು ಅಕ್ಷರಗಳಿಂದ ಮುಗಿಯುವ ಇಂಗ್ಲಿಷ್ ಪದ ಯಾವುದು ಎಂದು ಕೇಳಿದ್ದೆ. ನೀನು ಮರುಟಪಾಲಿಗೇ ‘ಅಂಡರ್‌ಗ್ರೌಂಡ್’ ಎಂದು ಬರೆದು ಅದರ ಕೆಳಗೆ ಗೀಟು ಬೇರೆ ಎಳೆದಿದ್ದೀಯೆ. ಯು, ಎನ್, ಡಿ. ಕೊನೆಗೂ ಯು, ಎನ್, ಡಿ. ಉತ್ತರ ಸರಿ. ಸರಿಯಾಗಿರುವುದೇ ನನಗೆ ಸರಿಬರಲಿಲ್ಲ.

ಇಷ್ಟು ವರ್ಷ ನಿನ್ನ ಪದ್ಧತಿ ಏನಿತ್ತು? ಮೊದಲ ಕಾಗದದಲ್ಲಿ ‘ತಲೆ ತಿನ್ನಬೇಡ ಅಕ್ಕಾ’. ಎರಡನೆಯದರಲ್ಲಿ ‘ಒಂದು ಸುಳಿವಾದರೂ ಕೊಡೇ’. ಮೂರನೆಯದರಲ್ಲಿ ನನ್ನ ಜನ್ಮ ಜಾಲಾಡಿ, ಕೊನೆಯ ಸಾಲಿನಲ್ಲಿ, ಓದಲಾಗದಷ್ಟು ಸಣ್ಣಗೆ, ‘ಸೋತೆ’. ಆಮೇಲೆ ನಾನು ರಬ್ಬರ್ ಚೂರಿನಲ್ಲಿ ಉತ್ತರ ಕೊರೆದು, ನೇರಳೆ ಮಸಿ ತಾಗಿಸಿ, ಕಾಗದದ ಮೇಲೆ ಒತ್ತಿ ಕಳಿಸಬೇಕು. ನೀನು ಟ್ರಂಕು ಹೊತ್ತುಕೊಂಡು ಆ ಊರಿನ ಗ್ರಂಥಾಲಯದ ಕೆಲಸಕ್ಕೆ ಹೋದ ವಾರ ನಾವಿಬ್ಬರೂ ಮಾಡಿಕೊಂಡ ಕಾಯ್ದೆ: ಸೋತೆ ಎಂದರೆ ಮುಂದಿನ ಟಪಾಲಿಗೆ ಮುದ್ರೆ. ಜ್ವರ ಬಂದಾಗಲೂ ನಾನು ಅದನ್ನು ತಪ್ಪಿಸಿಲ್ಲ. ಈಗ ನೋಡಿದರೆ ಕೊರೆಯುವ ಚಾಕು ತುಕ್ಕು ಹಿಡಿಯುತ್ತಿದೆ. ನಿನಗೆ ಬುದ್ಧಿ ಬಂತು ಎನ್ನಲೇ? ಐವತ್ತೆಂಟನೇ ವಯಸ್ಸಿಗೆ ಬರುವಂಥದ್ದು ಮೊದಲೇ ಬರಬಾರದಿತ್ತೇ?

ತಗೋ ಹೊಸದು. ಒಂದು ಜೋಡಿ ಅಕ್ಷರ, ಅದಕ್ಕೆ ಅಂಟಿಕೊಂಡು ಇನ್ನೊಂದು ಜೋಡಿ, ಅದಕ್ಕೂ ಅಂಟಿಕೊಂಡು ಮತ್ತೊಂದು ಜೋಡಿ. ಒಂದೇ ಪದದಲ್ಲಿ. ಸುಲಭ ಕಣೇ.

ಪಕ್ಕದವರು ಯಾರೋ ಗೋಡೆಗೆ ಬಣ್ಣ ಬಳಿಸುತ್ತಿದ್ದಾರೆ, ವಾಸನೆಗೆ ಕಣ್ಣುರಿ. ಜೂನ್ ಕೊನೆಗಲ್ಲವೇ ನಿನ್ನ ನಿವೃತ್ತಿ? ಮನೆಗೆ ಮರಳಲು ಯಾವ ತಾರೀಖಿನ ರೈಲು ಎಂದು ಈಗಲೇ ತಿಳಿಸು. ನಿನ್ನ ಪುಸ್ತಕದ ಪೆಟ್ಟಿಗೆಗಳನ್ನು ಇಳಿಸಲು ನನ್ನ ಸೊಂಟವನ್ನು ನಂಬಬೇಡ.

ನಿನ್ನ ಅಕ್ಕ


೨೦ ಜನವರಿ ೧೯೯೦

ಅಕ್ಕಾ,

‘ಬುಕ್‌ಕೀಪರ್’. ಎರಡು ಓ, ಎರಡು ಕೆ, ಎರಡು ಇ. ಸಿಕ್ಕಿದ ತಕ್ಷಣ ನಾವು ಎಷ್ಟು ಜೋರಾಗಿ ನಕ್ಕೆವು ಎಂದರೆ ಓದುಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದವರೆಲ್ಲ ತಲೆ ಎತ್ತಿ ನೋಡಿದರು. ‘ಸದ್ದು ಮಾಡಬೇಡಿ’ ಎಂದು ದಿನವಿಡೀ ಗದರುವವಳೇ ನಾನು!

ನಿನಗೆ ಒಂದು. ಒಂಬತ್ತು ಅಕ್ಷರದ ಪದ. ಒಂದೊಂದೇ ಅಕ್ಷರ ಕಿತ್ತುಹಾಕುತ್ತಾ ಹೋಗು. ಪ್ರತಿ ಸಲವೂ ಉಳಿದದ್ದು ಪದವೇ ಆಗಿರಬೇಕು, ಕೊನೆಯ ಒಂದಕ್ಷರದವರೆಗೆ.

ನಾನು ಸೇರಿದಂದಿನಿಂದ ನಾಲ್ಕೂವರೆ ತೋರಿಸುತ್ತಿದ್ದ ನಮ್ಮ ಗೋಡೆ ಗಡಿಯಾರ ಈಗ ನಡೆಯುತ್ತಿದೆ. ಅದರ ಟಿಕ್‌ಟಿಕ್ ಅಭ್ಯಾಸವಾಗುವವರೆಗೆ ಯಾರಿಗೂ ಓದಲು ಆಗಲಿಲ್ಲ.

ಗೊಣಗಿ


೩೦ ಜನವರಿ ೧೯೯೦

ಗೊಣಗಿ,

‘ನಾವು’ ನಕ್ಕೆವು. ‘ನಾವು’ ಎಂದರೆ ಯಾರೇ?

ನೀನು ಅದನ್ನು ಬರೆದಾಗ ನಿನ್ನ ಪೆನ್ನು ಒಂದು ಕ್ಷಣವೂ ತಡೆಯಲಿಲ್ಲ. ಅಕ್ಷರ ನೋಡಿದರೆ ಗೊತ್ತಾಗುತ್ತದೆ. ಅಕ್ಷರದ ವಿಷಯದಲ್ಲಿ ನನ್ನ ಹತ್ತಿರ ಯಾರ ಸುಳ್ಳೂ ನಡೆಯುವುದಿಲ್ಲ. ಶಾಲೆ ಬಿಡಿಸಿ ಅಪ್ಪ ತನ್ನ ರಬ್ಬರ್ ಮುದ್ರೆಯ ಅಂಗಡಿಯಲ್ಲಿ ಕೂರಿಸಿದ ದಿನದಿಂದ ಈ ಉಲ್ಟಾ ಸೀಸದ ಅಕ್ಷರಗಳೇ ನನ್ನ ಮೇಷ್ಟ್ರು. ಇಂಗ್ಲಿಷನ್ನು ಎಲ್ಲರೂ ನೇರವಾಗಿ ಕಲಿತರೆ ನಾನು ತಿರುಗುಮುರುಗಾಗಿ ಕಲಿತೆ. ಇವತ್ತಿಗೂ ಬಸ್ಸಿನ ಫಲಕ ಕನ್ನಡಿಯಲ್ಲಿ ಕಂಡರೆ ಬೇಗ ಓದುತ್ತೇನೆ.

ನಿನ್ನ ಒಗಟನ್ನು ಸೀಸದಲ್ಲೇ ಜೋಡಿಸಿ ಬಿಡಿಸಿದೆ. ‘ಸ್ಟಾರ್ಟ್ಲಿಂಗ್’. ಎಲ್ ಕಿತ್ತೆ, ‘ಸ್ಟಾರ್ಟಿಂಗ್’. ಟಿ ಕಿತ್ತೆ, ‘ಸ್ಟೇರಿಂಗ್’. ಹಾಗೇ ‘ಸ್ಟ್ರಿಂಗ್’, ‘ಸ್ಟಿಂಗ್’, ‘ಸಿಂಗ್’, ‘ಸಿನ್’, ‘ಇನ್’. ಕೊನೆಗೆ ಚೌಕಟ್ಟಿನಲ್ಲಿ ಉಳಿದದ್ದು ಒಂದೇ ಕಡ್ಡಿ, ‘ಐ’. ಅಂದರೆ ನಾನು. ನಾನೊಬ್ಬಳೇ. ಮುದ್ರೆ ಒಯ್ಯಲು ಬಂದ ಕಂಪನಿ ಗುಮಾಸ್ತ ನಿಂತು ನೋಡುತ್ತಿದ್ದ. ‘ಏನಮ್ಮಾ, ನಮ್ಮ ಮುದ್ರೆಯಲ್ಲಿ ಒಂದೇ ಅಕ್ಷರ ಉಳಿಸಿದ್ದೀರಿ?’ ಅಂದ. ‘ಮಿಕ್ಕಿದ್ದೆಲ್ಲ ಯಾರೋ ಕಿತ್ಕೊಂಡು ಹೋದ್ರಪ್ಪ’ ಅಂದೆ.

ಚೆಂದದ ಒಗಟು. ನಿನ್ನದಲ್ಲ. ಒಂದೊಂದಾಗಿ ಬಿಚ್ಚುವ ತಾಳ್ಮೆ ನಿನಗೆಲ್ಲಿದೆ? ಸ್ವೆಟರಿನ ಒಂದು ಹೆಣಿಗೆ ತಪ್ಪಿದರೆ ಇಡೀ ಸ್ವೆಟರು ಎಳೆದು ಉಂಡೆ ಮಾಡುವವಳು ನೀನು. ಸ್ಪ್ರಿಂಗು, ಹಲ್ಲುಚಕ್ರ ಬಿಚ್ಚಿ ಸಾಲಾಗಿ ಇಡುವ ಯಾವುದೋ ಕೈ ಇದರ ಹಿಂದಿದೆ. ಗಡಿಯಾರ ಸರಿಹೋಯಿತು ಎಂದೆಯಲ್ಲ, ತಾನಾಗಿಯೇ ಸರಿಹೋಯಿತೋ?

ರೈಲಿನ ತಾರೀಖು ಬರೆದಿಲ್ಲ.

ಅಕ್ಕ


೧೧ ಫೆಬ್ರವರಿ ೧೯೯೦

ಅಕ್ಕಾ,

ನಿನ್ನ ಮುಂದೆ ಏನು ಮುಚ್ಚಿಡಲಿಕ್ಕಾದೀತು! ನನ್ನ ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿ ಗಡಿಯಾರ ರಿಪೇರಿಯವರು ಒಬ್ಬರು ಬಂದಿದ್ದಾರೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತಂತೆ. ಗ್ರಂಥಾಲಯದ ಗಡಿಯಾರ ನೋಡಲು ಬಂದ ದಿನ ನಿನ್ನ ಕಾಗದ ನನ್ನ ಮೇಜಿನ ಮೇಲಿತ್ತು. ಏಣಿಯ ಮೇಲೆ ನಿಂತುಕೊಂಡೇ, ‘ತಪ್ಪು ತಿಳೀಬೇಡಿ, ಮೇಲಿಂದ ಕಣ್ಣಿಗೆ ಬಿತ್ತು. ಅದು ಅಂಡರ್‌ಗ್ರೌಂಡ್ ಅಲ್ವಾ?’ ಎಂದರು. ‘ಬೇರೆಯವರ ಕಾಗದ ಓದ್ತೀರಾ?’ ಎಂದು ಗದರಿದೆ. ‘ಓದ್ಲಿಲ್ಲ, ಬಿಡಿಸ್ದೆ’ ಎಂದರು.

ಅಂದಿನಿಂದ ಹೆಚ್ಚಾಗಿ ಸಂಜೆ ಬೀಗ ಹಾಕಿದ ಮೇಲೆ ಮೆಟ್ಟಿಲ ಮೇಲೆ ಕೂತು ಒಗಟು ಬಿಡಿಸುತ್ತೇವೆ. ಅವರು ಎರಡು ಗುಟುಕು ಚಹಾ ಕುಡಿಯುವಷ್ಟರಲ್ಲಿ ಉತ್ತರ ಹೇಳಿ, ನನಗೆ ಬೇಸರವಾಯಿತೇನೋ ಎಂದು ಮುಖ ನೋಡುತ್ತಾರೆ. ನಿನಗೆ ಅವರು ಇಷ್ಟವಾಗುತ್ತಾರೆ, ಅಕ್ಕಾ.

ಗೊಣಗಿ


೨೦ ಫೆಬ್ರವರಿ ೧೯೯೦

ಗೊಣಗಿ,

ನನಗೆ ಇಷ್ಟವಾಗುತ್ತಾರೋ ಇಲ್ಲವೋ ನಾನು ಹೇಳಬೇಕು, ನೀನಲ್ಲ.

ನಿನ್ನ ಏಣಿಯ ಸಾಹೇಬರು ನನ್ನ ಒಗಟನ್ನು ಎರಡು ಗುಟುಕಿಗೆ ಬಿಡಿಸುತ್ತಾರಂತೆ. ಬಿಡಿಸಲಿ. ಒಂದೊಂದು ಒಗಟನ್ನೂ ನಾನು ಎಷ್ಟು ದಿನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗುತ್ತೇನೆ ಗೊತ್ತೇ? ಈ ಪದಕ್ಕೆ ಅವಳು ಎಲ್ಲಿ ಎಡವುತ್ತಾಳೆ, ಯಾವ ಅಕ್ಷರದ ಹತ್ತಿರ ಕೂತು ಪೆನ್ಸಿಲು ಕಚ್ಚುತ್ತಾಳೆ, ಯಾವಾಗ ನನ್ನನ್ನು ಬೈಯುತ್ತಾಳೆ, ಎಲ್ಲ ಯೋಚಿಸಿ ಯೋಚಿಸಿ ಆರಿಸುತ್ತೇನೆ. ನಿನ್ನ ತಲೆಯ ಅಳತೆಗೆ ಹೊಲಿದ ಟೋಪಿಯನ್ನು ಮೇಲ್ಮನೆಯವರು ಹಾಕಿಕೊಂಡು ‘ಚೆನ್ನಾಗಿ ಕೂರುತ್ತದೆ’ ಎಂದರೆ ನಾನು ಚಪ್ಪಾಳೆ ತಟ್ಟಬೇಕೇ?

ಇನ್ನು ಮೇಲೆ ನನ್ನ ಕಾಗದವನ್ನು ಮೇಜಿನ ಮೇಲೆ ಇಡಬೇಡ. ಏಣಿಯ ಕೆಳಗಂತೂ ಇಡಲೇಬೇಡ.

ಈ ಸಲ ಒಗಟು ಇಲ್ಲ. ರೈಲಿನ ತಾರೀಖು?

ಅಕ್ಕ


೧೮ ಮಾರ್ಚ್ ೧೯೯೦

ಅಕ್ಕಾ,

ಈ ಕಾಗದವನ್ನು ಎಷ್ಟು ಸಲ ಬರೆದು ಹರಿದೆನೋ. ನೇರವಾಗಿ ಹೇಳಿಬಿಡುತ್ತೇನೆ.

ಚಿಕ್ಕವಳಿದ್ದಾಗ ನೀನು ನನಗೆ ಒಂದು ಆಟ ತೋರಿಸಿದ್ದೆ. ‘ಡಿಸೈಡೆಡ್’ ಎಂಬ ಪದವನ್ನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಅದರ ಕಾಲ ಬಳಿ ಕನ್ನಡಿ ಹಿಡಿದರೆ, ತಲೆಕೆಳಗಾದರೂ ಅದು ಅದೇ ಪದ. ಕೊಳದ ದಡದಲ್ಲಿ ಬರೆದಿಟ್ಟರೆ ನೀರಿನೊಳಗೂ ಹಾಗೆಯೇ ಕಾಣುತ್ತದೆ ಎಂದಿದ್ದೆ. ನನ್ನ ವಿಷಯವೂ ಈಗ ಹಾಗೆ. ಹೇಗೆ ತಿರುಗಿಸಿ ನೋಡಿದರೂ ಅದೇ ಪದ. ನಿರ್ಧಾರವಾಗಿದೆ.

ನಾವಿಬ್ಬರೂ ಮದುವೆಯಾಗುತ್ತಿದ್ದೇವೆ. ಮೇ ಹದಿನಾಲ್ಕು, ಇಲ್ಲಿನ ನೋಂದಣಿ ಕಚೇರಿಯಲ್ಲಿ. ಹಾರವಿಲ್ಲ, ಊಟದ ಗದ್ದಲವಿಲ್ಲ. ನಗಬೇಡ, ಐವತ್ತೆಂಟರ ಮದುಮಗಳು ಎಂದು ಗ್ರಂಥಾಲಯದವರು ಆಗಲೇ ಸಾಕಷ್ಟು ನಕ್ಕಿದ್ದಾರೆ. ನನ್ನ ಕಡೆಯ ಸಾಕ್ಷಿಯಾಗಿ ನೀನು ಬಂದು ಸಹಿ ಮಾಡಬೇಕು. ನನ್ನ ಕಡೆ ಎಂದು ಇರುವವಳು ನೀನೊಬ್ಬಳೇ.

ರೈಲಿನ ತಾರೀಖಿಗೆ ಏನು ಉತ್ತರ ಬರೆಯಬೇಕೋ ತಿಳಿಯದೆ ಬಿಡುತ್ತಾ ಬಂದೆ. ಅವರ ಅಂಗಡಿ, ಗಿರಾಕಿಗಳು ಎಲ್ಲ ಇಲ್ಲೇ. ನಿವೃತ್ತಿಯಾದ ಮೇಲೆ ನಾನೂ ಇಲ್ಲೇ ಇರುತ್ತೇನೆ. ನಿನಗೆ ಅಂಗಡಿಯ ಜನಸಂದಣಿ ಇದೆ. ನನ್ನ ಗೊಣಗಾಟ ತಪ್ಪಿದರೆ ನಿನಗೆ ನೆಮ್ಮದಿಯೇ ಅಲ್ಲವೇ? ಒಗಟಿನ ವಿಷಯಕ್ಕೆ ನೀನು ಇಷ್ಟು ಮುನಿಸಿಕೊಳ್ಳುವೆ ಎಂದು ಗೊತ್ತಿದ್ದರೆ ಆ ಕಾಗದವನ್ನು ಬೀಗ ಹಾಕಿ ಇಡುತ್ತಿದ್ದೆ.

ಬಾ ಅಕ್ಕಾ.

ಗೊಣಗಿ


೨ ಏಪ್ರಿಲ್ ೧೯೯೦

ತಂಗಿಗೆ,

ಕಾಗದ ತಲುಪಿತು.

ಬರುತ್ತೇನೆ, ಒಂದು ಷರತ್ತಿನ ಮೇಲೆ. ‘ಆಲ್ಮೋಸ್ಟ್’ ಎಂಬ ಪದದ ಆರು ಅಕ್ಷರಗಳು ಇಂಗ್ಲಿಷ್ ವರ್ಣಮಾಲೆಯ ಸಾಲಿನಲ್ಲೇ ಬರುತ್ತವೆ: ಎ, ಎಲ್, ಎಂ, ಓ, ಎಸ್, ಟಿ. ನನಗೆ ಇದರ ಉಲ್ಟಾ ಬೇಕು. ವರ್ಣಮಾಲೆಯಲ್ಲಿ ಹಿಂದೆ ಹಿಂದೆ ನಡೆಯುವ ಪದ. ಅಕ್ಷರ ಎರಡು ಸಲ ಬಂದರೆ ಅಡ್ಡಿಯಿಲ್ಲ, ಮುಂದಕ್ಕೆ ಹೋಗಬಾರದು. ಒಂಬತ್ತು ಅಕ್ಷರ ಇರಬೇಕು.

ಗಡಿಯಾರದವರು ಒಬ್ಬರೇ ಬಿಡಿಸಬೇಕು. ನೀನು ಬಾಯಿ ಹಾಕಬಾರದು. ಬಿಡಿಸಿದರೆ ನಾನು ಬಂದು ಸಹಿ ಹಾಕುತ್ತೇನೆ. ನನ್ನ ತಂಗಿಯನ್ನು ಎರಡು ಗುಟುಕಿನಲ್ಲಿ ಗೆದ್ದವರಿಗೆ ಇದೇನು ಮಹಾ!

ಅಕ್ಕ


೨೨ ಏಪ್ರಿಲ್ ೧೯೯೦

ಅಕ್ಕಾ,

ಷರತ್ತು ಓದಿ ನನಗೆ ಮೈ ಉರಿಯಿತು. ಅವರಿಗೆ ತೋರಿಸಬಾರದು ಎಂದುಕೊಂಡೇ ತೋರಿಸಿದೆ. ಅವರು ಕೋಪ ಮಾಡಿಕೊಳ್ಳುವ ಬದಲು ಕುರ್ಚಿ ಎಳೆದುಕೊಂಡು ಕೂತರು. ‘ನಿಮ್ಮಕ್ಕ ದೊಡ್ಡ ಮನುಷ್ಯರು ಕಣ್ರೀ. ಸುಮ್ನೆ ಬೇಡ ಅನ್ನಬಹುದಿತ್ತು. ಅದರ ಬದಲು ಇಷ್ಟು ಒಳ್ಳೇ ಒಗಟು ಕೊಟ್ಟಿದ್ದಾರೆ’ ಎಂದರು. ಇಂಥವರ ಜೊತೆ ಜಗಳ ಹೇಗೆ ಆಡುವುದು?

ಈಗ ಮೇಜಿನ ತುಂಬ ಬಿಚ್ಚಿಟ್ಟ ಗಡಿಯಾರಗಳು. ಒಂದನ್ನೂ ಮುಟ್ಟಿಲ್ಲ. ಅಲಾರಂ ಗಡಿಯಾರ ಕೇಳಲು ಬಂದ ಬ್ರೆಡ್ ಅಂಗಡಿಯವನಿಗೆ, ‘ಡಬ್ಲ್ಯೂನಿಂದ ಶುರುವಾಗಿ ಹಿಂದೆ ಹಿಂದೆ ಹೋಗೋ ಪದ ಗೊತ್ತಾ?’ ಎಂದು ಕೇಳಿದರಂತೆ. ‘ನನಗೆ ಬೆಳಗ್ಗೆ ನಾಲ್ಕಕ್ಕೆ ಏಳಬೇಕು ಸ್ವಾಮಿ, ನನ್ನ ಗಡಿಯಾರ ಮುಂದೆ ಹೋದ್ರೆ ಸಾಕು’ ಎಂದು ಅವನು ಹೋದನಂತೆ.

ನಿನಗೆ ಅವರೇ ಕಾಗದ ಬರೆದಿದ್ದಾರೆ, ನೀನು ಉತ್ತರವನ್ನೂ ಬರೆದಿದ್ದೀಯೆ ಎಂದು ನಿನ್ನೆ ತಿಳಿಯಿತು. ನಾಲ್ಕು ಪುಟ! ನನಗೆ ಬಂದದ್ದು ಅರ್ಧ ಪುಟ, ಅದೂ ‘ತಂಗಿಗೆ’ ಎಂದು. ‘ಏನು ಬರೆದಿದ್ದಾಳೆ?’ ಎಂದರೆ, ‘ಅಕ್ಷರದ ವಿಷಯ’ ಎಂದು ನಕ್ಕು ಜೇಬಿಗೆ ಇಟ್ಟುಕೊಂಡರು. ನಮ್ಮಕ್ಕನ ಕಾಗದ ಬೇರೆಯವರ ಜೇಬಿನಲ್ಲಿ! ಇಷ್ಟು ವರ್ಷದಲ್ಲಿ ಇದೇ ಮೊದಲು.

ನನಗೂ ಏನಾದರೂ ಬರಿ.

ಗೊಣಗಿ


೩೦ ಏಪ್ರಿಲ್ ೧೯೯೦

ಗೊಣಗಿ,

ಉರಿಯಿತೇ? ಸ್ವಲ್ಪ ಉರಿಯಲಿ. ನನಗೆ ಜನವರಿಯಿಂದ ಉರಿಯುತ್ತಿದೆ.

ಅವರು ಬರೆದದ್ದಕ್ಕೆ ಮರ್ಯಾದೆಗೆ ಉತ್ತರಿಸಿದೆ, ಅಷ್ಟೇ. ‘ಅತ್ತಿಗೆಯವರಿಗೆ’ ಎಂದು ಶುರು ಮಾಡಿದ್ದಾರೆ. ಮದುವೆಯೇ ಆಗಿಲ್ಲ, ಆಗಲೇ ಅತ್ತಿಗೆಯಂತೆ! ಸಲೂನಿನವನಿಗೆ ಒಂದು ಗಡಿಯಾರ ಮಾಡಿಕೊಟ್ಟಿದ್ದರಂತೆ. ಮುಳ್ಳುಗಳು ಹಿಂದಕ್ಕೆ ತಿರುಗುತ್ತವೆ, ಅಂಕಿಗಳು ಉಲ್ಟಾ, ಆದರೆ ಕುರ್ಚಿಯಲ್ಲಿ ಕೂತವರಿಗೆ ಎದುರಿನ ಕನ್ನಡಿಯಲ್ಲಿ ಸರಿಯಾದ ಸಮಯ. ಅದರ ಚಿತ್ರವನ್ನೂ ಬರೆದು ಕಳಿಸಿದ್ದಾರೆ. ನಾನು ಉಲ್ಟಾ ಅಕ್ಷರದವಳು, ಅವರು ಉಲ್ಟಾ ಮುಳ್ಳಿನವರು. ಅಂಥದ್ದಕ್ಕೆ ಅರ್ಧ ಪುಟದಲ್ಲಿ ಉತ್ತರ ಬರೆಯಲಾಗುತ್ತದೆಯೇ?

‘ವುಲ್ಫ್’ ಸಿಕ್ಕಿದೆಯಂತೆ, ನಾಲ್ಕಕ್ಷರ. ‘ಸ್ಪೋಕ್’ ಸಿಕ್ಕಿದೆ, ಐದು. ‘ರಾಂಗ್ಡ್’ ಸಿಕ್ಕಿದೆಯಂತೆ, ಏಳು! ಡಬ್ಲ್ಯೂ, ಆರ್, ಓ, ಎನ್, ಜಿ, ಇ, ಡಿ. ಅನ್ಯಾಯಕ್ಕೆ ಒಳಗಾದವರು ಎಂದು ಅರ್ಥ. ಅದನ್ನು ಓದಿ ನನಗೆ ಏನೇನೋ ಆಯಿತು. ಅದಿರಲಿ.

ಇದರಿಂದ ಅವರು ನನಗೆ ಇಷ್ಟವಾದರು ಎಂದು ತಿಳಿಯಬೇಡ. ಷರತ್ತು ಷರತ್ತೇ.

ಅಕ್ಕ


೯ ಮೇ ೧೯೯೦

ಅಕ್ಕಾ,

ಅವರು ಸೋತರು. ಅವರ ಕೈಯಲ್ಲೇ ಬರೆಸಿದ ಚೀಟಿ ಇದರ ಜೊತೆಗಿದೆ. ನೋಡು, ‘ಸೋತೆ’ ಎಂದು ದೊಡ್ಡದಾಗಿಯೇ ಬರೆದಿದ್ದಾರೆ. ನನ್ನ ಹಾಗೆ ಸಣ್ಣಗೆ ಬರೆದಿಲ್ಲ.

‘ಇನ್ನೊಂದು ವಾರ ನೋಡಿ’ ಎಂದೆ.

‘ಬೇಡ. ನನ್ನ ಕೈಲಾಗಲ್ಲ ಅಂತ ಗೊತ್ತಾದ ಗಡಿಯಾರ ವಾಪಸ್ ಕೊಟ್ಟುಬಿಡ್ತೀನಿ. ಇಟ್ಕೊಂಡು ನಾಟಕ ಮಾಡಲ್ಲ.’

‘ಸೋತ್ರೆ ಅಕ್ಕ ಬರಲ್ಲ.’

‘ಬರೋ ತನಕ ಕಾಯೋಣ. ಅವರಿಲ್ದೆ ನೀವು ಸಹಿ ಹಾಕಿದ್ರೆ ಆಮೇಲೆ ಜೀವನಪೂರ್ತಿ ಗೊಣಗ್ತೀರಿ. ಕೇಳೋನು ನಾನು ತಾನೇ?’

ಆದ್ದರಿಂದ ಮೇ ಹದಿನಾಲ್ಕನ್ನು ಮುಂದಕ್ಕೆ ಹಾಕಿದ್ದೇವೆ. ಯಾವ ದಿನಕ್ಕೆ ಎಂದು ಕಚೇರಿಯವರು ಕೇಳಿದರು. ‘ಟಪಾಲು ನೋಡಿ ಹೇಳ್ತೀವಿ’ ಎಂದರು ಇವರು. ಅವರಿಗೆ ಏನು ಅರ್ಥವಾಯಿತೋ!

ಈಗ ನಿನ್ನ ಸರದಿ. ಸೋತೆ ಎಂದರೆ ಮುದ್ರೆ. ಮುಂದಿನ ಟಪಾಲಿಗೆ.

ಗೊಣಗಿ


೧ ಜೂನ್ ೧೯೯೦

ಅಕ್ಕಾ,

ಮುದ್ರೆ ಬರಲಿಲ್ಲ.

ಅವರು ದಿನಾ ಸಂಜೆ ‘ಬಂತಾ?’ ಎಂದು ಕೇಳಿ, ನನ್ನ ಮುಖ ನೋಡಿ, ‘ಬರುತ್ತೆ ಬಿಡಿ’ ಎಂದು ಮೇಲೆ ಹೋಗುತ್ತಾರೆ. ನೀನು ಹುಷಾರಾಗಿದ್ದೀಯಾ? ಅಷ್ಟಾದರೂ ಬರಿ.

ಗೊಣಗಿ


೧೦ ಜೂನ್ ೧೯೯೦

ನನ್ನ ಗೊಣಗಿ,

ಹುಷಾರಾಗಿದ್ದೇನೆ. ಮೈಗೆ ಏನೂ ಆಗಿಲ್ಲ, ಮುಖ ತೋರಿಸಲು ಆಗುತ್ತಿಲ್ಲ.

ಆ ಒಗಟಿಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ ಕಣೇ.

ಹಿಂದೆ ನಡೆಯುವ ಪದಗಳನ್ನು ನಾನು ಅಪ್ಪ ಇದ್ದಾಗಿನಿಂದ ಹುಡುಕುತ್ತಿದ್ದೇನೆ. ‘ರಾಂಗ್ಡ್’ ಬಿಟ್ಟು ಆಚೆಗೆ ಒಂದು ಹೆಜ್ಜೆ ಹೋಗಲು ಆಗಿಲ್ಲ. ನಿನ್ನ ಮದುವೆಯ ಕಾಗದ ಓದಿದ ದಿನ, ಒಂಬತ್ತಕ್ಷರ ಎಂದು ಸುಮ್ಮನೆ ಬರೆದೆ. ಅಂಥ ಪದ ಇಲ್ಲ ಎಂದುಕೊಂಡೇ ಬರೆದೆ. ಅವರು ಬಿಡಿಸಬಾರದು, ನಾನು ಬರಬಾರದು, ನೀನು ಹೋಗಬಾರದು. ಅವರು ಏಳಕ್ಷರಕ್ಕೆ ಬಂದು ನಿಂತಾಗ, ಅದೂ ನಾನು ನಿಂತ ಪದದ ಮೇಲೆಯೇ ನಿಂತಾಗ, ಮೊದಲ ಸಲ ನಾಚಿಕೆಯಾಯಿತು. ಅವರು ಸುಳ್ಳು ಹೇಳುತ್ತಾರೆ, ನಿನ್ನಿಂದ ಹೇಳಿಸಿಕೊಂಡು ಏನೋ ಒಂದು ಬರೆಯುತ್ತಾರೆ, ಆಗ ಹಿಡಿದುಹಾಕೋಣ ಎಂದು ಕಾದೆ. ಅವರು ‘ಸೋತೆ’ ಎಂದು ಬರೆದು ಕಳಿಸಿದರು. ಅಷ್ಟು ದೊಡ್ಡ ಅಕ್ಷರದಲ್ಲಿ!

ಸೋತೆ ಎಂದವರಿಗೆ ಮುದ್ರೆ ಕಳಿಸಬೇಕು. ಏನು ಕೊರೆಯಲಿ? ಮೇ ತಿಂಗಳೆಲ್ಲ ಸೀಸದ ಅಕ್ಷರಗಳನ್ನು ಹರಡಿಕೊಂಡು ಕೂತೆ. ಆ ಕಂಪನಿ ಗುಮಾಸ್ತ ಎರಡು ಸಲ ಬಂದು ಬರಿಗೈಯಲ್ಲಿ ಹೋದ. ಮೂರನೆಯ ಸಲ, ‘ಅಮ್ಮಾ, ನಮ್ಮ ಸಾಹೇಬರು ಮುದ್ರೆ ಇಲ್ದೆ ರಜಾನೂ ಕೊಡ್ತಿಲ್ಲ’ ಎಂದು ಅಳುಮುಖ ಮಾಡಿದ. ಉತ್ತರ ಮಾತ್ರ ಸಿಗಲಿಲ್ಲ. ಹಾಗಾದರೆ ಕಾಯ್ದೆಯ ಪ್ರಕಾರ ಸೋತವಳು ನಾನು.

‘ಸೋತೆ’ ಎಂದು ಕೊರೆಯಲು ಕೂತರೆ ಕೈ ಓಡಲಿಲ್ಲ. ಈ ಪದವನ್ನು ನಾನು ಜೀವಮಾನದಲ್ಲೇ ಕೊರೆದಿಲ್ಲವಲ್ಲ! ಉಲ್ಟಾ ಕೊರೆಯಬೇಕಾದದ್ದನ್ನು ನೇರವಾಗಿ ಕೊರೆದುಬಿಟ್ಟೆ. ಅಂಗಡಿಗೆ ಕೂತಂದಿನಿಂದ ಮೊದಲ ತಪ್ಪು. ಒತ್ತಿದರೆ ಉಲ್ಟಾ ಬಿತ್ತು. ತಿದ್ದಿ ಇನ್ನೊಂದು ಮಾಡುವ ಧೈರ್ಯ ಬರಲಿಲ್ಲ, ಹಾಗೇ ಕಳಿಸುತ್ತಿದ್ದೇನೆ. ಅವರಿಗೆ ಕೊಡು. ಸಲೂನಿನ ಕನ್ನಡಿಯಲ್ಲಿ ಹಿಡಿದು ಓದಿಕೊಳ್ಳಲಿ.

ನೀವು ಕಾಯಬೇಡಿ. ಯಾರಾದರೂ ಗ್ರಂಥಾಲಯದವರನ್ನು ಸಾಕ್ಷಿಗೆ ಕರೆದುಕೊಂಡು ಹೋಗಿ. ನನಗೆ ಕೂತು ಸಹಿ ಹಾಕುವ ಮುಖವಿಲ್ಲ.

ಅಕ್ಕ


೧೯ ಜೂನ್ ೧೯೯೦

ಅಕ್ಕಾ,

ಉತ್ತರ ಇದೆ.

‘ಸ್ಪೂನ್‌ಫೀಡ್’. ಎಸ್, ಪಿ, ಓ, ಓ, ಎನ್, ಎಫ್, ಇ, ಇ, ಡಿ. ಎಣಿಸಿ ನೋಡು, ಒಂಬತ್ತು. ಚಮಚದಲ್ಲಿ ತಿನ್ನಿಸುವುದು.

ಏಪ್ರಿಲ್‌ನಲ್ಲೇ ನನಗೆ ಸಿಕ್ಕಿತ್ತು. ಬೆಳಗ್ಗೆ ಹಾಲಿಗೆ ಬ್ರೆಡ್ಡು ಅದ್ದಿ ತಿನ್ನುತ್ತಿದ್ದೆ. ಅಮ್ಮ ತೀರಿಕೊಂಡ ವರ್ಷ ನೀನು ಅಂಗಡಿಯ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಹೀಗೇ ತಿನ್ನಿಸುತ್ತಿದ್ದೆ. ಒಂದು ಚಮಚಕ್ಕೆ ಒಂದು ಸೀಸದ ಅಕ್ಷರ ತೋರಿಸುವುದು. ನಾನು ಹೆಸರು ಹೇಳಿದರೆ ಚಮಚ ಒಳಗೆ. ಒಂದು ದಿನ ಜಾಮ್ ಬೇಕೆಂದು ಎಲ್ಲ ಅಕ್ಷರಕ್ಕೂ ‘ಜೆ’ ಎಂದಿದ್ದೆ, ನೆನಪಿದೆಯೇ? ಇದನ್ನೆಲ್ಲ ನೆನೆಯುತ್ತಾ ಚಮಚ ಹಿಡಿದು ಕೂತಿದ್ದವಳಿಗೆ ಪದ ತಾನಾಗಿ ಬಂತು.

ನೀನು ಬಾಯಿ ಹಾಕಬಾರದು ಎಂದಿದ್ದೆ. ಹಾಕಲಿಲ್ಲ. ಅವರು ‘ರಾಂಗ್ಡ್’ ಹತ್ತಿರ ಒದ್ದಾಡುವಾಗ ನಾಲಗೆ ಕಚ್ಚಿಕೊಂಡು ಮೆಟ್ಟಿಲಿಳಿದು ಬಂದೆ. ನಿನ್ನ ಹತ್ತಿರ ಉತ್ತರವಿಲ್ಲ ಎಂದೂ ನನಗೆ ಗೊತ್ತಿತ್ತು. ಉತ್ತರ ಕೈಯಲ್ಲಿರುವಾಗಲೆಲ್ಲ ನೀನು ‘ಸುಲಭ ಕಣೇ’ ಎಂದು ಬರೆಯುತ್ತೀಯೆ. ಆ ಕಾಗದದಲ್ಲಿ ಇರಲಿಲ್ಲ.

ಹಾಗಾದರೆ ನಿನಗೆ ಯಾಕೆ ಬರೆಯಲಿಲ್ಲ ಎನ್ನುವೆಯಾ? ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚು. ನೀನು ಅವರಿಗೆ ನಾಲ್ಕು ಪುಟ ಬರೆದೆ. ಅವರು ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು. ನಿಮ್ಮಿಬ್ಬರ ನಡುವೆ ನನಗೆ ಗೊತ್ತಿಲ್ಲದ್ದು ಏನೋ ಓಡಾಡುತ್ತಿತ್ತು. ಇಬ್ಬರಿಗೂ ಗೊತ್ತಿಲ್ಲದ್ದು ನನ್ನ ಹತ್ತಿರವೂ ಒಂದಿರಲಿ ಎಂದು ಇಟ್ಟುಕೊಂಡೆ. ನಿನ್ನ ತಂಗಿಯಲ್ಲವೇ ನಾನು?

ನಿನ್ನ ಉಲ್ಟಾ ಮುದ್ರೆಯನ್ನು ಅವರಿಗೆ ಕೊಟ್ಟೆ. ಕನ್ನಡಿ ಹಿಡಿದು ಓದಿ, ಅದನ್ನೂ ಜೇಬಿಗೆ ಇಟ್ಟುಕೊಂಡರು. ಆಮೇಲೆ, ‘ಅತ್ತಿಗೆಗೆ ಬರೀರಿ. ಅವರೂ ಸೋತ್ರು, ನಾನೂ ಸೋತೆ. ಗೆದ್ದವರು ನೀವು. ಗೆದ್ದವರು ಹೇಳಿದ ಹಾಗೆ ಕೇಳೋದು ಕಾಯ್ದೆ’ ಎಂದರು. ಅಂಥ ಕಾಯ್ದೆ ನಮ್ಮಲ್ಲಿ ಇಲ್ಲ, ಇವತ್ತಿನಿಂದ ಇದೆ. ಗೆದ್ದವಳು ಹೇಳುತ್ತಿದ್ದೇನೆ. ಜುಲೈ ಐದಕ್ಕೆ ಕಚೇರಿ. ಅದಕ್ಕೆ ಮೊದಲೇ ರೈಲು ಹತ್ತು. ಯಾವ ತಾರೀಖಿನ ರೈಲು ಎಂದು ಈಗ ನಾನು ಕೇಳುತ್ತಿದ್ದೇನೆ.

ಗೊಣಗಿ


೧೬ ಜುಲೈ ೧೯೯೦

ಗೊಣಗಿ,

ಸುಖವಾಗಿ ಮನೆ ಸೇರಿದೆ. ನಿನ್ನ ಗಂಡ ಕಿಟಕಿಯಿಂದ ತುರುಕಿದ ಬಿಸ್ಕತ್ತಿನ ಡಬ್ಬ ಎದುರು ಸೀಟಿನವರಿಗೂ ಸಾಕಾಗಿ ಉಳಿಯಿತು.

ನೋಂದಣಿ ಕಚೇರಿಯ ಆ ಗುಮಾಸ್ತನ ಮುದ್ರೆ ಇನ್ನೂ ಕಣ್ಣ ಮುಂದಿದೆ. ಅಂಚು ಸವೆದು ಹೋಗಿತ್ತು. ‘ಇದನ್ನ ಯಾರಪ್ಪ ಮಾಡಿದ್ದು?’ ಎಂದು ನಾನು ಕೇಳಿದ್ದಕ್ಕೆ ನೀನು ಮೊಣಕೈಯಿಂದ ತಿವಿದೆ. ಅವನು, ‘ಅಜ್ಜಿ, ಸಾಕ್ಷಿಗೆ ಬಂದಿದ್ದೀರೋ ತಪಾಸಣೆಗೆ ಬಂದಿದ್ದೀರೋ?’ ಎಂದ. ನಿನ್ನ ಗಂಡ ಮೆಲ್ಲಗೆ, ‘ಎರಡಕ್ಕೂ’ ಎಂದರು. ಆ ಮಾತಿಗೆ ನಾನು ಅವರನ್ನು ಕ್ಷಮಿಸಿದೆ. ಪೂರ್ತಿ ಅಲ್ಲ.

‘ಸ್ಪೂನ್‌ಫೀಡ್’ ಬಗ್ಗೆ ಒಂದು ತಕರಾರಿದೆ. ಕೆಲವು ನಿಘಂಟುಗಳಲ್ಲಿ ನಡುವೆ ಸಣ್ಣ ಗೀಟು ಹಾಕುತ್ತಾರೆ. ಬೇರೆ ಯಾರಾದರೂ ತಂದಿದ್ದರೆ ಒಪ್ಪುತ್ತಿರಲಿಲ್ಲ.

ಇನ್ನೊಂದು ವಿಷಯ ಅಲ್ಲಿದ್ದಾಗ ಹೇಳಬೇಕೆಂದುಕೊಂಡೆ. ನಿಮ್ಮಿಬ್ಬರ ನಗುವಿನ ನಡುವೆ ಬಾಯಿಗೆ ಬರಲಿಲ್ಲ. ಜನವರಿಯಲ್ಲಿ ಬಣ್ಣ ಬಳಿಸಿದ್ದು ಪಕ್ಕದವರಲ್ಲ, ನಾನು. ಅಂಗಡಿಯ ಮೇಲಿನ ಮುಂಕೋಣೆ. ನಿನಗೆ ಇಷ್ಟವಾದ ತಿಳಿಹಸಿರು. ಕಿಟಕಿಯ ಕೆಳಗೆ ಪುಸ್ತಕದ ಕಪಾಟು ಮಾಡಿಸಿದ್ದೇನೆ, ನಿನ್ನ ಎತ್ತರಕ್ಕೆ. ಸ್ಟೂಲು ಹತ್ತುವ ಕೆಲಸವಿಲ್ಲ. ಮಂಚ ಮಾತ್ರ ಚಿಕ್ಕದಿತ್ತು. ನಿನ್ನೆ ಬಡಗಿಯನ್ನು ಕರೆಸಿ ಅಗಲ ಮಾಡಲು ಹೇಳಿದೆ. ‘ಒಬ್ರಿಗೆ ಅಂದಿದ್ರಲ್ಲಮ್ಮಾ?’ ಎಂದ. ‘ಲೆಕ್ಕ ತಪ್ಪಿತ್ತು’ ಎಂದೆ. ಬಾಗಿಲ ಎದುರಿನ ಗೋಡೆಗೆ ಮೊಳೆ ಹೊಡೆಸಿದ್ದೇನೆ. ಗಡಿಯಾರ ಅವರೇ ತರಲಿ. ನೇರವಾದದ್ದಾದರೂ ಸರಿ, ಉಲ್ಟಾ ಆದರೂ ಸರಿ, ನನಗೆ ಎರಡೂ ಓದಲು ಬರುತ್ತದೆ. ವರ್ಷದಲ್ಲಿ ಎಷ್ಟು ದಿನ ಬರುತ್ತೀರಿ ಎಂದು ಕೇಳುವುದಿಲ್ಲ. ರೈಲಿನ ತಾರೀಖು ಬರೆದರೆ ಸಾಕು.

ಈಗ ಒಗಟು. ಇಂಗ್ಲಿಷಿನ ಐದು ಸ್ವರಗಳು, ಎ, ಇ, ಐ, ಓ, ಯು, ಇದೇ ಸಾಲಿನಲ್ಲಿ, ಒಂದೊಂದು ಒಂದೇ ಸಲ ಬರುವ ಪದ. ಇದಕ್ಕೆ ಎರಡು ಉತ್ತರ ಇವೆ, ಆಳಿಗೊಂದು. ಎರಡನ್ನೂ ಕೊರೆದು, ಒತ್ತಿ ನೋಡಿ, ಡಬ್ಬದಲ್ಲಿ ಹಾಕಿಟ್ಟಿದ್ದೇನೆ. ಸುಲಭ ಕಣೇ.

ಮೆಟ್ಟಿಲ ಮೇಲೆ ಒಟ್ಟಿಗೆ ಕೂತು ಬಿಡಿಸಬಾರದು. ಅವರ ಉತ್ತರ ಅವರ ಲಕೋಟೆಯಲ್ಲಿ, ನಿನ್ನ ಉತ್ತರ ನಿನ್ನ ಲಕೋಟೆಯಲ್ಲಿ ಬರಬೇಕು. ಎರಡೂ ಒಂದೇ ದಿನ ತಲುಪಿದರೆ ನಿನ್ನದನ್ನೇ ಮೊದಲು ಒಡೆಯುತ್ತೇನೆ. ಅವರಿಗೆ ಹೇಳಬೇಡ.

ನಿನ್ನ ಅಕ್ಕ